ಕೋಳಿಗೆ ಹುಳು, ಮನೆಗೆ ತತ್ತಿ

— ಗ್ರಾಮ ಸೇವಕ, ಬೇಮಳಖೇಡ



ಬೆಳಗಿನ ಹೊತ್ತು ನಿಮ್ಮ ಹಿತ್ತಲದಲ್ಲಿ ತಿಪ್ಪೆ ಕೆದರುವ ಕೋಳಿಯನ್ನು ಒಂದು ಗಳಿಗೆ ನಿಂತು ನೋಡಿರಿ. ಪಕ್ಕದಲ್ಲಿ ಜೋಳದ ಕಾಳು ಬಿದ್ದಿದ್ದರೂ ಅದು ಮೊದಲು ಹುಳುವಿಗೇ ಬಾಯಿ ಹಾಕುತ್ತದೆ. ಮರಿಗಳ ತಾಯಿಯಾಗಿದ್ದರಂತೂ ಹುಳು ಸಿಕ್ಕ ಕೂಡಲೇ ಕೊಕ್ ಕೊಕ್ ಎಂದು ಕರೆದು ಮರಿಗಳ ಮುಂದೆ ಇಡುತ್ತದೆ. ಮರಿಯ ಮೈ ಬೆಳೆಯಲು ಏನು ಬೇಕೆಂಬುದು ಆ ತಾಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹುಳುವನ್ನು ನಾವೇ ಮನೆಯಲ್ಲಿ ಬೆಳೆಸಿ ಕೋಳಿಗೆ ಹಾಕುವ ಬಗೆಯನ್ನು, ಹೆಚ್ಚಾದದ್ದನ್ನು ಊರಲ್ಲಿಯೇ ಮಾರುವ ಬಗೆಯನ್ನು ಈ ಲೇಖನದಲ್ಲಿ ತಿಳಿಸುತ್ತೇನೆ.

ಮರಿಗಳು ಯಾಕೆ ಉಳಿಯುವದಿಲ್ಲ?

ನಮ್ಮ ಊರುಗಳಲ್ಲಿ ಕೋಳಿ ಸಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳು. ತತ್ತಿ ಮಾರಿ ಬಂದ ದುಡ್ಡು ಅವರ ಸೆರಗಿನ ಗಂಟಿನಲ್ಲಿಯೇ ಉಳಿದು, ಮಕ್ಕಳ ಪುಸ್ತಕಕ್ಕೋ ಸಂತೆಯ ಎಣ್ಣೆ ಉಪ್ಪಿಗೋ ಆಗುತ್ತದೆ. ಆದರೆ ಕಾವಿಗೆ ಕೂತ ಕೋಳಿ ಎಂಟು ಹತ್ತು ಮರಿ ಮಾಡಿದರೆ, ತಿಂಗಳಾಗುವದರೊಳಗೆ ಅರ್ಧಕ್ಕರ್ಧ ಇಲ್ಲವಾಗುವದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಹದ್ದು ಒಯ್ದಿತು, ಬೆಕ್ಕು ತಿಂದಿತು, ರೋಗ ಬಂತು ಎನ್ನುತ್ತೇವೆ. ಇವೆಲ್ಲ ನಿಜವೇ. ಆದರೆ ಮೈಯಲ್ಲಿ ಕಸುವಿಲ್ಲದ ಮರಿಯೇ ಹದ್ದಿಗೂ ರೋಗಕ್ಕೂ ಬೇಗ ಸಿಕ್ಕುತ್ತದೆ.

ಮೈ ಬೆಳೆಸುವ ಸತ್ವಕ್ಕೆ ಸಸಾರಜನಕ ಎನ್ನುತ್ತಾರೆ. ಈಗಿನವರು ಪ್ರೋಟೀನ್ ಎಂದು ಕರೆಯುವದು ಇದನ್ನೇ. ಎಳೆಯ ಮರಿಯ ತಿನಿಸಿನಲ್ಲಿ ನೂರಕ್ಕೆ ಸುಮಾರು 20 ಪಾಲು ಸಸಾರಜನಕವಿರಬೇಕು. ನಾವು ಹಾಕುವ ಜೋಳದ ನುಚ್ಚಿನಲ್ಲಿ ಇರುವದು ನೂರಕ್ಕೆ ಸುಮಾರು 10 ಪಾಲು ಮಾತ್ರ. ಉಳಿದದ್ದನ್ನು ಮರಿ ಹುಳುಹುಪ್ಪಟೆಯಿಂದ ತುಂಬಿಕೊಳ್ಳಬೇಕು. ಮಳೆಗಾಲದಲ್ಲಿ ಹಾಗೆ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೆಲ ಕಾದು ಬಿರಿದಾಗ ಹುಳು ಎಲ್ಲಿಂದ ಬರಬೇಕು? ಶೇಂಗಾ ಹಿಂಡಿ ತಂದು ಹಾಕೋಣವೆಂದರೆ ಅದರ ಬೆಲೆ ಕೇಳಿಯೇ ಹಿಂದಕ್ಕೆ ಬರುತ್ತೇವೆ.

ಹುಳು ಸಾಕುವದೆಂದರೆ ಕೆಲವರು ಮೂಗು ಮುರಿಯಬಹುದು. ಆದರೆ ನಮ್ಮ ನಾಡಿನ ರಾಮನಗರ, ಶಿಡ್ಲಘಟ್ಟದ ಕಡೆಯ ರೈತರು ರೇಷ್ಮೆ ಹುಳುವನ್ನು ಸಾಕಿಯೇ ಸಂಸಾರ ನಡೆಸುತ್ತಾರೆ. ಅಲ್ಲಿ ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ಹುಳುವನ್ನು ಕೂಡ ಬಿಸಾಡುವದಿಲ್ಲ. ಅದು ಎಣ್ಣೆಗೆ, ಕೋಳಿ ಮೀನುಗಳ ಮೇವಿಗೆ ಹೋಗುತ್ತದೆ. ಹೊರದೇಶಗಳಲ್ಲಿಯೂ ಇದರ ವಿಚಾರ ನಡೆದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2013ರಲ್ಲಿ ಕೀಟಗಳು ಜನರ ಆಹಾರವಾಗಿ, ದನಕರು ಕೋಳಿಗಳ ಮೇವಾಗಿ ಹೇಗೆ ಒದಗಬಹುದೆಂಬ ಬಗ್ಗೆ ದೊಡ್ಡ ವರದಿಯನ್ನು ಹೊರತಂದಿತು. ಯುರೋಪಿನ ದೇಶಗಳ ಒಕ್ಕೂಟವು ಕೀಟಗಳ ಸಸಾರಜನಕವನ್ನು 2017ರಲ್ಲಿ ಸಾಕಿದ ಮೀನಿಗೂ, 2021ರಲ್ಲಿ ಕೋಳಿ ಹಂದಿಗಳಿಗೂ ಹಾಕಲು ಒಪ್ಪಿಗೆ ಕೊಟ್ಟಿತು.

ಮೊದಲು ಒಂದು ಗಡಿಗೆಯ ಕೆಲಸ

ಒಂದು ಪೈಸೆಯೂ ಖರ್ಚಿಲ್ಲದ ಕೆಲಸದಿಂದ ಸುರು ಮಾಡೋಣ. ಇದು ಎಳೆಯ ಮರಿಗಳಿಗಾಗಿ ಗೆದ್ದಲು ಹಿಡಿಯುವ ಹಳೆಯ ಉಪಾಯ. ದೂರದ ಆಫ್ರಿಕಾದ ಹಳ್ಳಿಗಳಲ್ಲಿಯೂ ರೈತರು ಹೀಗೆಯೇ ಹಿಡಿದು ಮರಿಗಳಿಗೆ ಹಾಕುತ್ತಾರೆ.

ಒಡಕಾದರೂ ಸರಿ, ಒಂದು ಮಣ್ಣಿನ ಗಡಿಗೆ ತಕ್ಕೊಳ್ಳಿರಿ. ಅದರಲ್ಲಿ ಒಣ ಹೆಂಡಿ, ಹರಕು ಗೋಣಿ ತಟ್ಟು, ಜೋಳದ ದಂಟಿನ ಚೂರು ತುಂಬಿ ನೀರು ಚಿಮುಕಿಸಿರಿ. ಹೊಲದ ಬದುವಿನಲ್ಲಿ ಗೆದ್ದಲು ಓಡಾಡುವ ಜಾಗ ನೋಡಿ, ಮೇಲ್ಮಣ್ಣನ್ನು ತುಸು ಕೆರೆದು, ಸಾಯಂಕಾಲ ಗಡಿಗೆಯನ್ನು ಬೋರಲಾಗಿ ಇಡಿರಿ. ಮರುದಿನ ಬೆಳಗಿನ ತಂಪಿನಲ್ಲಿ ಎತ್ತಿ ನೋಡಿದರೆ ಒಳಗೆ ಗೆದ್ದಲು ತುಂಬಿರುತ್ತವೆ. ಇಲ್ಲವಾದರೆ ಇನ್ನೊಂದು ರಾತ್ರಿ ಬಿಡಿರಿ. ಮರಿಗಳ ಮುಂದೆ ಸ್ವಲ್ಪ ಸ್ವಲ್ಪವಾಗಿ ಕೊಡವಿರಿ.

ಇದರಲ್ಲಿ ಎರಡು ಎಚ್ಚರಿಕೆಗಳು. ಮನೆಯ ಗೋಡೆಯ ಹತ್ತಿರ, ತೊಲೆ ಬಾಗಿಲುಗಳ ಹತ್ತಿರ ಈ ಗಡಿಗೆ ಇಡಬಾರದು. ಗೆದ್ದಲಿಗೆ ಔಷಧ ಹಾಕಿದ ಹೊಲದಿಂದ ಹಿಡಿದು ತರಲೇಬಾರದು. ಆ ವಿಷ ಮರಿಯ ಹೊಟ್ಟೆಗೆ ಹೋಗುತ್ತದೆ.

ಆಮೇಲೆ ಸೈನಿಕ ನೊಣ

ಗೆದ್ದಲು ಹಿಡಿಯುವದೇ ಹೊರತು ಸಾಕುವದಲ್ಲ. ಸಾಕುವದಕ್ಕೆ ಯೋಗ್ಯವಾದದ್ದು ಕಪ್ಪು ಸೈನಿಕ ನೊಣದ ಮರಿಹುಳು. ಈ ನೊಣ ಮೂಲದಲ್ಲಿ ಅಮೇರಿಕ ಖಂಡದ್ದು; ಈಗ ನಮ್ಮ ದೇಶವೂ ಸೇರಿ ಬೆಚ್ಚಗಿನ ನಾಡುಗಳಲ್ಲೆಲ್ಲ ಹರಡಿದೆ. ನಿಮ್ಮ ಗೊಬ್ಬರದ ಗುಂಡಿಯ ಹತ್ತಿರವೂ ನೀವು ಇದನ್ನು ಕಂಡಿರಬಹುದು. ಉದ್ದನೆಯ ಕರಿ ಮೈ, ನೋಡಲು ಕಣಜದಂತೆ, ಕಾಲಿನ ತುದಿ ಬಿಳಿ. ಆದರೆ ಇದಕ್ಕೆ ಮುಳ್ಳಿಲ್ಲ, ಕಚ್ಚುವದೂ ಇಲ್ಲ.

ಮನೆಯೊಂದರಲ್ಲಿ ಈ ಮಾತು ತೆಗೆದಾಗ ಹಿರಿಯ ತಾಯಿಯೊಬ್ಬರು, "ತಮ್ಮಾ, ಇದ್ದ ನೊಣಾನೇ ಸಾಕಾಗ್ಯಾವ, ಮ್ಯಾಲ ನೊಣ ಸಾಕ್ರಿ ಅಂತೀಯಲ್ಲ!" ಎಂದರು. "ಅವ್ವಾ, ನಿಮ್ಮ ಮಾತು ಖರೇನೇ. ಆದರ ಇದು ಆ ನೊಣ ಅಲ್ಲ" ಎಂದು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮನೆಯ ನೊಣ ಹೊಲಸಿನ ಮೇಲೆ ಕೂತು ಬಂದು ನಮ್ಮ ಊಟದ ಮೇಲೆ ಕೂಡುತ್ತದೆ. ಸೈನಿಕ ನೊಣಕ್ಕೆ ಬೆಳೆದ ಮೇಲೆ ತಿನ್ನುವ ಅಗತ್ಯವಿಲ್ಲ. ಹುಳುವಾಗಿದ್ದಾಗ ಕೂಡಿಸಿದ ಕೊಬ್ಬಿನ ಮೇಲೆಯೇ ಒಂದು ವಾರದ ಹಾಗೆ ಬದುಕಿ, ಜೋಡಿಯಾಗಿ, ಮೊಟ್ಟೆ ಇಟ್ಟು ಸಾಯುತ್ತದೆ. ಆದ್ದರಿಂದ ಅಡಿಗೆ ಮನೆಗೆ ಬಂದು ಊಟದ ಮೇಲೆ ಕೂಡುವ ಅಗತ್ಯ ಅದಕ್ಕಿಲ್ಲ. ಇದರ ಹುಳುಗಳು ತುಂಬಿದ ಜಾಗದಲ್ಲಿ ಮನೆಯ ನೊಣ ಬೆಳೆಯುವದೂ ಕಡಿಮೆಯಾಗುತ್ತದೆ.

ಒಂದು ಹೆಣ್ಣು ನೊಣ ಒಂದು ಸಲಕ್ಕೆ 500ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ನಾಲ್ಕು ದಿನದ ಸುಮಾರಿಗೆ ಮೊಟ್ಟೆ ಒಡೆಯುತ್ತದೆ. ಎರಡು ಮೂರು ವಾರ ಹುಳು ಹೊಟ್ಟೆಬಾಕತನದಿಂದ ತಿನ್ನುತ್ತದೆ. ಆಮೇಲೆ ಕಪ್ಪಾಗಿ, ತಿನ್ನುವದನ್ನು ಬಿಟ್ಟು, ಒಣಜಾಗ ಹುಡುಕಿ ಹೊರಡುತ್ತದೆ. ಮುಂದೆ ಸುಮಾರು ಎರಡು ವಾರಕ್ಕೆ ನೊಣವಾಗಿ ಹೊರಬರುತ್ತದೆ. ಒಣಗಿಸಿದ ಹುಳುವಿನಲ್ಲಿ ನೂರಕ್ಕೆ ಸುಮಾರು 40 ಪಾಲು ಸಸಾರಜನಕವಿದೆ. ಶೇಂಗಾ ಹಿಂಡಿಯಲ್ಲಿರುವದೂ ಹೆಚ್ಚು ಕಡಿಮೆ ಅಷ್ಟೇ. ತತ್ತಿಯ ಸಿಪ್ಪೆ ಗಟ್ಟಿಯಾಗಲು ಬೇಕಾದ ಸುಣ್ಣದ ಅಂಶವೂ ಇದರಲ್ಲಿ ಚೆನ್ನಾಗಿದೆ.

ಟಬ್ಬು ಸಿದ್ಧಮಾಡುವ ಬಗೆ

1. ಹಳೆಯ ಪ್ಲಾಸ್ಟಿಕ್ ಟಬ್ಬಾಗಲಿ, ಅಡ್ಡ ಕೊಯ್ದ ಡ್ರಮ್ಮಾಗಲಿ ಸಾಕು. ತಳಕ್ಕೆ ಸಣ್ಣ ಸಣ್ಣ ತೂತು ಕೊರೆದು, ಇಟ್ಟಂಗಿಯ ಮೇಲೆ ಇಟ್ಟು, ಕೆಳಗೆ ಸೋರಿದ ನೀರು ಹಿಡಿಯಲು ಒಂದು ಪಾತ್ರೆ ಇಡಿರಿ. ಇಟ್ಟಂಗಿಗಳನ್ನು ನೀರು ತುಂಬಿದ ತಾಟಿನಲ್ಲಿ ನಿಲ್ಲಿಸಿದರೆ ಇರುವೆ ಹತ್ತುವದಿಲ್ಲ.

2. ಜಾಗ ಬೇವಿನ ಮರದಂಥ ನೆರಳಿನದಿರಲಿ. ಹತ್ತಿರದಲ್ಲಿ ಬಿಸಿಲೂ ಬೀಳುತ್ತಿರಲಿ. ಹುಳುವಿಗೆ ನೆರಳು ಬೇಕು, ಜೋಡಿಯಾಗುವ ನೊಣಕ್ಕೆ ಬಿಸಿಲು ಬೇಕು. ಮಲಗುವ ಕೋಣೆಯಿಂದಲೂ ಸೇದುವ ಬಾವಿಯಿಂದಲೂ ದೂರವಿಡಿರಿ.

3. ತಳಕ್ಕೆ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟನ್ನೋ ಒಣಗಿದ ಕಬ್ಬಿನ ರವದಿಯ ಚೂರನ್ನೋ ಹರಡಿರಿ. ಅದರ ಮೇಲೆ ಎರಡು ಮೂರು ದಿನ ನೆನೆಸಿ ಹುಳಿಯಾದ ತವುಡು ಅಥವಾ ಜೋಳದ ನುಚ್ಚು, ಕೊಳೆತ ಹಣ್ಣು ಹಾಕಿರಿ. ಈ ಹುಳಿ ವಾಸನೆಗೇ ನೊಣ ಬರುತ್ತದೆ.

4. ಅಂಗಡಿಯ ಪೆಟ್ಟಿಗೆಯ ರಟ್ಟನ್ನು, ಒಳಗೆ ಅಲೆ ಅಲೆಯಾಗಿ ಪೊಳ್ಳು ಇರುವಂಥದ್ದನ್ನು, ಗೇಣುದ್ದ ಕತ್ತರಿಸಿ ನಾಲ್ಕೈದು ಕೂಡಿಸಿ ಕಟ್ಟಿರಿ. ತಿನಿಸಿಗೆ ತಾಕದಂತೆ ಅದರ ಮೇಲೆ ತೂಗುಹಾಕಿರಿ. ನೊಣ ಮೊಟ್ಟೆ ಇಡುವದು ತಿನಿಸಿನಲ್ಲಲ್ಲ. ಅದರ ಹತ್ತಿರದ ಒಣ ಸಂದಿಯಲ್ಲಿ.

5. ಮಳೆ ಬೀಳದಂತೆ, ಕೋಳಿ ಕೆದರದಂತೆ ಮೇಲೆ ತಗಡು ಮುಚ್ಚಿ ಕಲ್ಲು ಹೇರಿರಿ. ಪಕ್ಕಕ್ಕೆ ನೊಣ ಬರುವಷ್ಟು ಸಂದಿ ಇರಲಿ.

ಇಷ್ಟು ಮಾಡಿ ತಾಳ್ಮೆಯಿಂದ ಕಾಯಬೇಕು. ಕೆಲವು ಕಡೆ ವಾರಕ್ಕೇ ಮೊಟ್ಟೆ ಕಾಣುತ್ತವೆ, ಕೆಲವು ಕಡೆ ಮೂರು ವಾರವೂ ಹಿಡಿಯಬಹುದು. ಮೊದಲು ತೆಳ್ಳಗಿನ ಬಿಳಿ ಹುಳು ಕಂಡರೆ ಅದು ಮನೆಯ ನೊಣದ್ದು. ಕೂಡಲೇ ಕೋಳಿಗೆ ಹಾಕಿಬಿಡಿರಿ, ನೊಣವಾಗಲು ಬಿಡಬೇಡಿರಿ. ಸೈನಿಕ ನೊಣದ ಹುಳು ಚಪ್ಪಟೆ, ಮೈಯೆಲ್ಲ ಗೆಣ್ಣು ಗೆಣ್ಣು, ಮುಟ್ಟಿದರೆ ಚರ್ಮದಂತೆ ಗಟ್ಟಿ.

ನಾನು ಮಾಡಿದ ತಪ್ಪು

ಇಲ್ಲಿ ನನ್ನ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಡಿಪ್ಲೊಮಾ ಓದಿ ಬಂದ ಹುರುಪಿನಲ್ಲಿ ಮೊದಲ ಸಲ ನಾನು ಟಬ್ಬಿಗೆ ತೂತು ಹಾಕಲಿಲ್ಲ. ಮದುವೆಯೊಂದರಲ್ಲಿ ಉಳಿದ ಅನ್ನ ಸಾರನ್ನೆಲ್ಲ ತಂದು ಒಮ್ಮೆಲೇ ಸುರಿದುಬಿಟ್ಟೆ. ಮೂರನೆಯ ದಿನ ಓಣಿಯೆಲ್ಲ ನಾತ. ಮನೆಯ ನೊಣದ ಹುಳುಗಳೇ ಕುಲುಕುಲು. ನೆರೆಮನೆಯ ಕಾಕಾ ಬಂದು, "ಊರಿಗೆ ಸ್ವಚ್ಛತಾ ಹೇಳುವವರೇ ಹಿಂಗ ಮಾಡಿದರ ಹ್ಯಾಂಗ?" ಎಂದು ಕೇಳಿದರು. ಉತ್ತರವಿರಲಿಲ್ಲ. ಅದನ್ನೆಲ್ಲ ಹೊಲಕ್ಕೆ ಒಯ್ದು ಹೂಳಿ, ಹೊಸದಾಗಿ ಸುರು ಮಾಡಿದೆ.

ಆ ದಿನ ಕಲಿತ ನೇಮ ಇದು: ನಿನ್ನೆ ಹಾಕಿದ್ದು ಮುಗಿಯದ ಹೊರತು ಇಂದು ಹಾಕಬಾರದು. ತಿನಿಸನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆಯಾಗಿ ಇಳಿಯಬಾರದು. ನಾತ ಬಂದರೆ ಒಣ ಹೊಟ್ಟು ಬೆರೆಸಿ ಎರಡು ದಿನ ತಿನಿಸು ನಿಲ್ಲಿಸಿರಿ. ಸರಿಯಾಗಿ ನಡೆದ ಟಬ್ಬಿನಿಂದ ಓಣಿಗೆ ನಾತ ಹರಡುವದಿಲ್ಲ.

ಏನು ಹಾಕಬೇಕು, ಏನು ಹಾಕಬಾರದು

ಕಾಯಿಪಲ್ಯೆಯ ಸಿಪ್ಪೆ, ಹಣ್ಣಿನ ಸಿಪ್ಪೆ, ಉಳಿದ ಅನ್ನ, ಸಂತೆ ಮುಗಿದ ಮೇಲೆ ಬಿಸಾಡಿದ ಸೊಪ್ಪು ಟೊಮೆಟೊ, ತವುಡು ಹಾಕಿರಿ. ಸತ್ತ ಪ್ರಾಣಿ, ಕೋಳಿ ಕೊಯ್ದು ಉಳಿದ ಹೊಲಸು, ಪಾಯಖಾನೆಯದು ಹಾಕಬೇಡಿರಿ; ಅಲ್ಲಿಯ ರೋಗ ಕೋಳಿಯ ಮೂಲಕ ನಿಮ್ಮ ಮನೆಗೇ ತಿರುಗಿ ಬರಬಹುದು. ಔಷಧ ಸಿಂಪಡಿಸಿದ ಸೊಪ್ಪು, ಬೂಷ್ಟು ಹಿಡಿದ ಶೇಂಗಾ, ಕಾರಖಾನೆಯ ಕೊಳಚೆಯೂ ಬೇಡ. ಹುಳುವಿನ ಹೊಟ್ಟೆಗೆ ಹೋದದ್ದು ತತ್ತಿಯವರೆಗೂ ಬರಬಹುದೆಂಬುದನ್ನು ಮರೆಯಬೇಡಿರಿ. ಟಬ್ಬು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಹುಳು ತೆಗೆಯುವದು, ಬೀಜಕ್ಕೆ ಇಡುವದು

ಹುಳು ದಪ್ಪಗಾಗಿ ಇನ್ನೂ ತಿಳಿ ಬಣ್ಣದಲ್ಲಿರುವಾಗ ಜರಡಿ ಹಿಡಿದು ತೆಗೆಯಿರಿ. ಟಬ್ಬಿನ ಒಳಗಿಂದ ಅಂಚಿನವರೆಗೆ ಒಂದು ಹಲಗೆಯನ್ನು ಓರೆಯಾಗಿ ಇಟ್ಟರೆ, ಕಪ್ಪಾದ ಹುಳುಗಳು ತಾವೇ ಹತ್ತಿ ಬಂದು ಹೊರಗಿಟ್ಟ ಡಬ್ಬಿಯಲ್ಲಿ ಬೀಳುತ್ತವೆ. ಇವುಗಳಲ್ಲಿ ಪ್ರತಿ ಸಲವೂ ಎರಡು ಹಿಡಿಯಷ್ಟನ್ನು ಒಣ ಮಣ್ಣು ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ, ಟಬ್ಬಿನ ಹತ್ತಿರವೇ ನೆರಳಲ್ಲಿ ಇಟ್ಟುಬಿಡಿರಿ. ಇದು ಬೀಜದ ಜೋಳ. ಎಷ್ಟೇ ಹಸಿವಾದರೂ ಬೀಜದ ಜೋಳಕ್ಕೆ ಕೈ ಹಾಕದವನೇ ಮುಂದಿನ ಬೆಳೆ ಕಾಣುತ್ತಾನೆ.

ಬೆಳೆದ ಕೋಳಿ ದಿನಕ್ಕೆ ಒಟ್ಟು 100ರಿಂದ 120 ಗ್ರಾಂ ತಿನ್ನುತ್ತದೆ. ಅದರಲ್ಲಿ ಹಸಿ ಹುಳು 10 ಗ್ರಾಂ ಇದ್ದರೆ ಸಾಕು. ಹುಳು ಮೇಲಿನ ಪೂರೈಕೆಯೇ ಹೊರತು ಪೂರ್ತಿ ಊಟವಲ್ಲ; ಕಾಳು, ಸೊಪ್ಪು, ನೀರು ಇದ್ದೇ ಇರಬೇಕು. ಎಳೆಯ ಮರಿಗಳಿಗೆ ಸಣ್ಣ ಹುಳುಗಳನ್ನೇ ಆರಿಸಿ ಹಾಕಿರಿ. ಹುಳು ತಿಂದ ಕೋಳಿಗೆ ರೋಗ ಬರುವದಿಲ್ಲವೆಂದು ತಿಳಿಯಬೇಡಿರಿ. ರಾಣಿಖೇತ ರೋಗದ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಹಾಕಿಸಲೇಬೇಕು.

ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಟಬ್ಬಿಗೆ ಒದ್ದೆ ಗೋಣಿ ಹೊದಿಸಿರಿ. ಒಳಗೆ ಕಾವು ಏರಿದರೆ ಹುಳುಗಳು ಗುಂಪಾಗಿ ಹೊರಗೆ ಓಡುತ್ತವೆ, ಇಲ್ಲವೆ ಸಾಯುತ್ತವೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುತ್ತದೆ, ಅದಕ್ಕೆ ಎದೆಗುಂದಬೇಡಿರಿ.

ಹೆಚ್ಚಾದದ್ದನ್ನು ಮಾರುವ ಲೆಕ್ಕ

ಈಗ ಎಲ್ಲರೂ ಕೇಳುವ ಮಾತಿಗೆ ಬರೋಣ: ಇದರಿಂದ ದುಡ್ಡೆಷ್ಟು?

ಮೊದಲು ಕಾಗದ ಪೆನ್ಸಿಲ್ ಹಿಡಿಯಿರಿ. ನಿಮ್ಮಲ್ಲಿ ಹತ್ತು ಕೋಳಿಗಳಿದ್ದರೆ ದಿನಕ್ಕೆ 100 ಗ್ರಾಂ, ತಿಂಗಳಿಗೆ 3 ಕಿಲೊ ಹುಳು ಬೇಕು. ಹತ್ತು ಕಿಲೊ ಹಸಿ ತಿನಿಸು ಹಾಕಿದರೆ ಒಂದರಿಂದ ಎರಡು ಕಿಲೊ ಹುಳು ಸಿಗುತ್ತದೆಂದು ಹಿಡಿಯಿರಿ. ಅಂದರೆ 3 ಕಿಲೊಕ್ಕೆ 15ರಿಂದ 30 ಕಿಲೊ ತಿನಿಸು. ದಿನಕ್ಕೆ ಅರ್ಧದಿಂದ ಒಂದು ಕಿಲೊ. ನಿಮ್ಮ ಮನೆಯಲ್ಲಿ ದಿನವೂ ಎಷ್ಟು ಸಿಪ್ಪೆ ಮುಸುರೆ ಬೀಳುತ್ತದೆಂಬುದನ್ನು ಏಳು ದಿನ ತೂಗಿ ನೋಡಿರಿ. ಹೆಚ್ಚಿನವರಿಗೆ ಅದು ಹತ್ತು ಕೋಳಿಗೆ ಸರಿಹೋದರೆ ಹೆಚ್ಚು. ಮಾರಲು ಹುಳು ಬೇಕಾದರೆ ಹೊರಗಿನ ತಿನಿಸು ಬೇಕು. ಖಾನಾವಳಿಯ ಉಳಿಕೆ, ಸಂತೆಯ ಕಸ ದಿನವೂ ತಪ್ಪದೆ ಸಿಗುವಂತಿದ್ದರೆ ಮಾತ್ರ ಎರಡನೆಯ ಟಬ್ಬು ಇಡಿರಿ. ಹುಳುವಿಗಾಗಿ ತವುಡು ಕೊಳ್ಳುವದೆಂದರೆ ಕೈಯಿಂದ ಕಳಕೊಂಡ ಹಾಗೆಯೇ.

ಬೆಲೆ ಕಟ್ಟುವದು ಹೇಗೆ? ಹಸಿ ಹುಳುವಿನಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಆದ್ದರಿಂದ ಮೂರು ಕಿಲೊ ಹಸಿ ಹುಳು ಒಂದು ಕಿಲೊ ಶೇಂಗಾ ಹಿಂಡಿಗೆ ಸಮ. ಆ ದಿನ ಹಿಂಡಿಯ ಬೆಲೆ ಏನಿದೆಯೋ ಅದನ್ನು ಮೂರರಿಂದ ಭಾಗಿಸಿದರೆ ಒಂದು ಕಿಲೊ ಹುಳುವಿನ ನ್ಯಾಯದ ಬೆಲೆ ಬರುತ್ತದೆ. ಇದು ದೊಡ್ಡ ದುಡ್ಡಲ್ಲವೆಂದು ನೀವೇ ಕಾಣುವಿರಿ. ಅದಕ್ಕಾಗಿಯೇ ನಾನು ಹೇಳುವದು: ಹುಳುವನ್ನು ಮೊದಲು ತತ್ತಿಯಾಗಿ ಮಾರಿರಿ, ಬಲಿತ ಮರಿಯಾಗಿ ಮಾರಿರಿ. ಒಂದು ಮರಿ ಸಾಯದೆ ಉಳಿದರೆ ಬರುವ ಲಾಭ ಎಷ್ಟೋ ಕಿಲೊ ಹುಳು ಮಾರಿದರೂ ಬರಲಿಕ್ಕಿಲ್ಲ.

ಅದರ ಮೇಲೂ ಉಳಿದರೆ ಗಿರಾಕಿಯನ್ನು ಊರಲ್ಲಿಯೇ ಹುಡುಕಿರಿ. ಮರಿ ಮಾಡಿಸಿದ ನೆರೆಹೊರೆಯವರು ಮೊದಲಿನವರು. ಗಿರಿರಾಜ ಕೋಳಿ ಸಾಕಿದವರು ಎರಡನೆಯವರು. ಗಾಜಿನ ಪೆಟ್ಟಿಗೆಯಲ್ಲಿ ಅಂದದ ಮೀನು ಸಾಕುವವರು, ಅವುಗಳನ್ನು ಮಾರುವ ಅಂಗಡಿಯವರು ಮೂರನೆಯವರು; ಇವರನ್ನು ಮೊದಲೇ ಕೇಳಿಕೊಂಡು ಹುಳು ಒಯ್ಯಿರಿ. ಕೂಡಲೇ ಖರ್ಚಾಗದಿದ್ದರೆ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ತಗಡಿನ ಮೇಲೆ ಗರಿಗರಿಯಾಗುವಂತೆ ಬಿಸಿಲಿಗೆ ಒಣಗಿಸಿರಿ. ಕೊಬ್ಬು ಹೆಚ್ಚಿರುವದರಿಂದ ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಟಬ್ಬಿನಲ್ಲಿ ಉಳಿಯುವ ಕಪ್ಪು ಪುಡಿಯನ್ನು ಒಂದು ತಿಂಗಳು ಗೊಬ್ಬರದ ಗುಂಡಿಯಲ್ಲಿ ಕಳಿಸಿ ನುಗ್ಗೆ, ಬದನೆ ಗಿಡಗಳಿಗೆ ಹಾಕಿರಿ.

ಈಮು ಹಕ್ಕಿಯನ್ನು ಮರೆಯಬೇಡಿರಿ

ಕಡೆಗೊಂದು ಮಾತು. ನಾಳೆ ಯಾರಾದರೂ ನಿಮ್ಮ ಬಾಗಿಲಿಗೆ ಬಂದು, "ನಮ್ಮ ಹತ್ತಿರ ಮೊಟ್ಟೆ ಕೊಳ್ಳಿರಿ, ಲಕ್ಷ ರೂಪಾಯಿ ತುಂಬಿರಿ, ಬೆಳೆದ ಹುಳುವನ್ನೆಲ್ಲ ನಾವೇ ಕೊಳ್ಳುತ್ತೇವೆ" ಎಂದು ಹೇಳಬಹುದು. ಆಗ ಈಮು ಹಕ್ಕಿಯನ್ನು ನೆನೆಯಿರಿ. ತಮಿಳುನಾಡಿನ ಪೆರುಂದುರೈ ಕಡೆ ಕಂಪನಿಗಳು ಇದೇ ಮಾತು ಹೇಳಿ ಸಾವಿರಾರು ಜನರಿಂದ ಠೇವಣಿ ತುಂಬಿಸಿಕೊಂಡವು. ಆ ಹಕ್ಕಿಯನ್ನು ತಿನ್ನಲು ಕೊಳ್ಳುವ ಜನ ಇರಲಿಲ್ಲ. ಹೊಸಬರು ತುಂಬಿದ ಹಣವೇ ಹಳಬರಿಗೆ ಹೋಗುತ್ತಿತ್ತು. 2012ರಲ್ಲಿ ಅದೆಲ್ಲ ಕುಸಿದುಬಿತ್ತು. ರೈತರ ಹಣ ಹೋಯಿತು, ಮೇವಿಲ್ಲದೆ ಹಕ್ಕಿಗಳು ಸತ್ತವು.

ಸೈನಿಕ ನೊಣ ದುಡ್ಡು ಕೇಳದೆ ತಾನಾಗಿಯೇ ಬರುತ್ತದೆ. ಅದರ ಮೊಟ್ಟೆ ಕೊಳ್ಳುವ ಅಗತ್ಯ ನಿಮಗಿಲ್ಲ. ಮೊದಲು ನಿಮ್ಮ ಕೋಳಿ, ಆಮೇಲೆ ನಿಮ್ಮ ಓಣಿ, ಆಮೇಲೆ ನಿಮ್ಮ ಊರು. ಈ ಕ್ರಮ ತಪ್ಪಿಸಿ ದೂರದ ಪೇಟೆಯನ್ನು ನಂಬಿ ಸಾಲ ಮಾಡಬೇಡಿರಿ.

ಹೆಚ್ಚಿನ ಮಾತು ಕೇಳಬೇಕಾದರೆ ಜನವಾಡದ ಕೃಷಿ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇದೆ. ಸಂಕೋಚವಿಲ್ಲದೆ ಹೋಗಿ ಕೇಳಿರಿ. ನನ್ನ ಮನೆಯ ಹಿತ್ತಲದ ಟಬ್ಬನ್ನು ಯಾವಾಗ ಬೇಕಾದರೂ ಬಂದು ನೋಡಬಹುದು. ಈಗ ಅದರ ತಳಕ್ಕೆ ತೂತುಗಳಿವೆ. ನೆರೆಮನೆಯ ಕಾಕಾ ಅವರೂ ತಮ್ಮ ಮರಿಗಳಿಗೆಂದು ಬೆಳಗಿನಲ್ಲಿ ಒಂದು ಹಿಡಿ ಹುಳು ಒಯ್ಯುತ್ತಾರೆ.

ಈ ತಿಂಗಳು ಒಂದು ಗಡಿಗೆ ಬೋರಲಿಡಿರಿ. ಮರಿಗಳು ತಿನ್ನುವದನ್ನು ನಿಂತು ನೋಡಿರಿ. ಟಬ್ಬಿನ ವಿಚಾರವನ್ನು ಆಮೇಲೆ ಮಾಡೋಣ.